ಬಿಗಿದ ಮೈಗೆ ಯೋಗದ ಮೊದಲ ಪಾಠ

ಯೋಗಾಸನವೆಂದೊಡನೆ ನಮ್ಮಲ್ಲಿ ಹೆಚ್ಚು ಮಂದಿಯ ಕಣ್ಣ ಮುಂದೆ ನಿಲ್ಲುವುದು ಒಂದು ಚಿತ್ರ. ತಲೆ ಕೆಳಗಾಗಿ ನಿಂತ ಒಬ್ಬ ತರುಣ, ಕಾಲನ್ನು ಕತ್ತಿನ ಹಿಂದಕ್ಕೆ ಹಾಕಿಕೊಂಡ ಒಬ್ಬ ಸಾಧಕ, ಬಿಲ್ಲಿನಂತೆ ಹಿಂದಕ್ಕೆ ಬಾಗಿದ ಒಬ್ಬ ಬಾಲಕಿ. ಈ ಚಿತ್ರವನ್ನು ನೋಡಿ ಮೆಚ್ಚುವವರು ಬಹಳ. ಅದನ್ನು ನೋಡಿಯೇ ಹಿಂಜರಿಯುವವರು ಅವರಿಗಿಂತಲೂ ಹೆಚ್ಚು. ‘ನನ್ನ ಮೈ ಬಾಗುವುದಿಲ್ಲ, ಯೋಗ ನನಗೆ ಹೇಳಿದ್ದಲ್ಲ’ ಎಂದು ಐವತ್ತು ದಾಟಿದವರು ಹೇಳುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಈಚೆಗೆ ಮೂವತ್ತರ ಆಸುಪಾಸಿನವರೂ ಅದೇ ಮಾತನ್ನಾಡತೊಡಗಿದ್ದಾರೆ. ಅಂಥವರನ್ನೇ ಮನಸ್ಸಿನಲ್ಲಿಟ್ಟುಕೊಂಡು ಈ ಕೆಲವು ಮಾತುಗಳನ್ನು ಹೇಳಬಯಸುತ್ತೇನೆ. ಸಮಾಧಿಯ ವಿಚಾರವಾಗಲಿ ಮೋಕ್ಷದ ವಿಚಾರವಾಗಲಿ ಇಲ್ಲಿ ಬರುವುದಿಲ್ಲ. ಮೈ ಹಗುರವಾಗಬೇಕು, ಕೀಲುಗಳು ಸಡಿಲವಾಗಬೇಕು ಎಂದು ಬಯಸುವ ಸಾಮಾನ್ಯ ಗೃಹಸ್ಥ ಯೋಗಾಭ್ಯಾಸವನ್ನು ಹೇಗೆ ಆರಂಭಿಸಬೇಕು ಎಂಬುದಷ್ಟೇ ನನ್ನ ವಿಷಯ.

ಮೊದಲು ಆ ಚಿತ್ರ ಎಲ್ಲಿಂದ ಬಂತು ಎಂಬುದನ್ನು ನೋಡೋಣ. ಪತಂಜಲಿಯ ಯೋಗಸೂತ್ರಗಳಲ್ಲಿ ಆಸನವನ್ನು ಕುರಿತು ಇರುವುದು ಮೂರೇ ಸೂತ್ರಗಳು. ಆಸನ ಸ್ಥಿರವಾಗಿರಬೇಕು, ಸುಖವಾಗಿರಬೇಕು, ಪ್ರಯತ್ನದ ಬಿಗಿ ಸಡಿಲಬೇಕು ಎಂಬುದು ಅವುಗಳ ಮುಖ್ಯಾಭಿಪ್ರಾಯ. ಕಾಲನ್ನು ಎಷ್ಟು ಎತ್ತಬೇಕು, ಬೆನ್ನನ್ನು ಎಷ್ಟು ಬಾಗಿಸಬೇಕು ಎಂಬ ಲೆಕ್ಕ ಅಲ್ಲಿಲ್ಲ. ಹದಿನೈದನೆಯ ಶತಮಾನದ್ದೆಂದು ಹೇಳಲಾಗುವ ಸ್ವಾತ್ಮಾರಾಮನ ಹಠಯೋಗಪ್ರದೀಪಿಕೆ ಹದಿನೈದು ಆಸನಗಳನ್ನಷ್ಟೇ ವಿವರಿಸುತ್ತದೆ. ಯೋಗವನ್ನು ಕೆಡಿಸುವ ಆರು ದೋಷಗಳಲ್ಲಿ ಮಿತಿಮೀರಿದ ಆಯಾಸವೂ ಒಂದೆಂದು ಅದೇ ಗ್ರಂಥ ಎಚ್ಚರಿಸುತ್ತದೆ. ಮುದುಕನಾಗಲಿ ರೋಗಿಯಾಗಲಿ ದುರ್ಬಲನಾಗಲಿ ಅಭ್ಯಾಸದಿಂದ ಫಲ ಪಡೆಯಬಲ್ಲನೆಂದೂ ಹೇಳುತ್ತದೆ.

ಹಾಗಾದರೆ ಇಂದು ಲೋಕವೆಲ್ಲ ನೋಡುತ್ತಿರುವ ಕಸರತ್ತಿನ ಚಿತ್ರ? ಅದರ ಒಂದು ಮುಖ್ಯ ಮೂಲ ನಮ್ಮ ಮೈಸೂರಿನಲ್ಲಿಯೇ ಇದೆ. ಚಿತ್ರದುರ್ಗದ ಕಡೆಯ ಮುಚುಕುಂದಪುರದಲ್ಲಿ 1888ರಲ್ಲಿ ಜನಿಸಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ 1933ರಿಂದ ಯೋಗಶಾಲೆಯನ್ನು ನಡೆಸಿದರು. ಅವರ ‘ಯೋಗ ಮಕರಂದ’ 1934ರಲ್ಲಿ ಕನ್ನಡದಲ್ಲಿಯೇ ಪ್ರಕಟವಾಯಿತು. ಆ ಶಾಲೆಯಲ್ಲಿ ಕಲಿತವರು ಬಹುಮಟ್ಟಿಗೆ ಎಳೆಯ ಹುಡುಗರು. ಸಭೆಗಳಲ್ಲಿ ಪ್ರದರ್ಶನ ಕೊಟ್ಟು ಜನರ ಮನಸ್ಸನ್ನು ಯೋಗದತ್ತ ತಿರುಗಿಸುವುದೂ ಅಲ್ಲಿಯ ಕೆಲಸಗಳಲ್ಲಿ ಒಂದಾಗಿತ್ತು. ಎಳೆಯ ಮೈಗೆ ತಕ್ಕ ಆಸನಗಳು, ನೋಡುವವರ ಕಣ್ಣಿಗೆ ತಕ್ಕ ವೇಗ. ದಿನವಿಡೀ ಕುರ್ಚಿಯಲ್ಲಿ ಕುಳಿತು ಬಂದ ನಲವತ್ತೈದರ ಗುಮಾಸ್ತನೊಬ್ಬ ಆ ಹುಡುಗರ ಚಿತ್ರವನ್ನು ಅಳತೆಗೋಲಾಗಿ ಇಟ್ಟುಕೊಂಡರೆ ನಿರಾಶೆಯಲ್ಲದೆ ಇನ್ನೇನು ದೊರೆಯಬೇಕು?

ಅದೇ ಪರಂಪರೆಯಲ್ಲಿ ಇದಕ್ಕೆ ಉತ್ತರವೂ ಉಂಟು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ. ಕೆ. ಎಸ್. ಅಯ್ಯಂಗಾರರು ಬಾಲ್ಯದಲ್ಲಿ ಒಂದಾದ ಮೇಲೊಂದು ಕಾಯಿಲೆಯಿಂದ ನರಳಿದವರು. 1934ರಲ್ಲಿ ಮೈಸೂರಿಗೆ, ತಮ್ಮ ಭಾವನೂ ಗುರುವೂ ಆದ ಕೃಷ್ಣಮಾಚಾರ್ಯರ ಬಳಿಗೆ ಬಂದಾಗ ಅವರದು ಕೃಶವಾದ, ಬಿಗಿದ ಮೈ. ಮುಂದೆ ಅವರೇ ಜಗತ್ಪ್ರಸಿದ್ಧ ಆಚಾರ್ಯರಾದರು. 1966ರಲ್ಲಿ ಪ್ರಕಟವಾದ ಅವರ ‘ಲೈಟ್ ಆನ್ ಯೋಗ’ ಇನ್ನೂರು ಆಸನಗಳನ್ನು ಚಿತ್ರಸಹಿತವಾಗಿ ವಿವರಿಸುತ್ತದೆ. ಆದರೆ ಹೊಸಬರಿಗೆ ಅವರಿಂದ ದೊರೆತ ದೊಡ್ಡ ಉಪಕಾರ ಬೇರೊಂದು ಎಂದು ನಾನು ಭಾವಿಸುತ್ತೇನೆ. ಕೈ ನೆಲಕ್ಕೆ ಎಟುಕದವರಿಗೆ ಮರದ ಇಟ್ಟಿಗೆ, ಕಾಲನ್ನು ಹಿಡಿಯಲಾರದವರಿಗೆ ಪಟ್ಟಿ, ನೆಟ್ಟಗೆ ಕೂರಲಾರದವರಿಗೆ ಮಡಿಸಿದ ಕಂಬಳಿ, ನಿಲ್ಲಲಾರದವರಿಗೆ ಗೋಡೆ, ಕುರ್ಚಿ, ಹಗ್ಗ — ಹೀಗೆ ಆಸನವನ್ನೇ ಮನುಷ್ಯನ ಹತ್ತಿರಕ್ಕೆ ತರುವ ಸಾಧನಗಳನ್ನು ಅವರು ಬಳಕೆಗೆ ತಂದರು. ಕೃಷ್ಣಮಾಚಾರ್ಯರು ಕೂಡ ಮದರಾಸಿಗೆ ಹೋಗಿ ನೆಲೆಸಿದ ಮೇಲೆ ಬಂದವರ ವಯಸ್ಸು, ರೋಗ, ಶಕ್ತಿಗಳನ್ನು ನೋಡಿ ಒಬ್ಬೊಬ್ಬರಿಗೆ ಒಂದೊಂದು ಬಗೆಯ ಅಭ್ಯಾಸವನ್ನು ಹೇಳಿಕೊಡುತ್ತಿದ್ದರು.

ಇನ್ನು ಮೈಯ ವಿಚಾರ. ಬಿಗಿದ ಸ್ನಾಯುವೆಂದರೆ ಗಿಡ್ಡವಾದ ಹಗ್ಗ, ಅದನ್ನು ಬಲವಾಗಿ ಜಗ್ಗಿದರೆ ಉದ್ದವಾಗುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಮೈ ಹಾಗೆ ಕೆಲಸ ಮಾಡುವುದಿಲ್ಲ. ಸ್ನಾಯುವಿನ ಒಡಲಲ್ಲಿ, ಅದು ಎಷ್ಟು ಹಿಗ್ಗಿತು, ಎಷ್ಟು ಬೇಗ ಹಿಗ್ಗಿತು ಎಂಬುದನ್ನು ಗಮನಿಸುವ ಸೂಕ್ಷ್ಮ ಅಂಗಗಳಿವೆ. ಥಟ್ಟನೆ ಎಳೆದೊಡನೆ ಅವು ಬೆನ್ನುಹುರಿಗೆ ಸುದ್ದಿ ಮುಟ್ಟಿಸುತ್ತವೆ. ನಾವು ಬೇಡವೆನ್ನುವ ಮುನ್ನವೇ ಅಲ್ಲಿಂದ ‘ಕುಗ್ಗು’ ಎಂಬ ಆಜ್ಞೆ ಹೊರಡುತ್ತದೆ. ಕಾಲ್ಬೆರಳನ್ನು ಮುಟ್ಟಲೇಬೇಕೆಂದು ಜೋಕಾಲಿಯಂತೆ ತೂಗಿ ತೂಗಿ ಬಾಗುವವನು ತನ್ನ ಸ್ನಾಯುವಿಗೆ ಹಿಗ್ಗಬೇಡವೆಂದು ತಾನೇ ಹೇಳಿದಂತೆ ಆಗುತ್ತದೆ. ಮೆಲ್ಲಗೆ ಬಾಗಿ, ಮೊದಲ ಎಳೆತ ತಿಳಿದಲ್ಲಿ ನಿಂತು, ಐದಾರು ಉಸಿರು ಕಾದರೆ ಆ ಕಾವಲು ಸಡಿಲುತ್ತದೆ. ಮೊದಲ ಕೆಲವು ವಾರಗಳಲ್ಲಿ ಮೈ ಹೆಚ್ಚು ಬಾಗತೊಡಗುವುದು ಸ್ನಾಯು ಉದ್ದವಾದುದರಿಂದಲ್ಲ. ಈ ಎಳೆತದಿಂದ ಅಪಾಯವಿಲ್ಲವೆಂದು ನರಮಂಡಲ ಕಲಿತುದರಿಂದ ಎಂಬುದು ಈಚಿನ ಅಧ್ಯಯನಗಳ ಮುಖ್ಯ ತೀರ್ಮಾನ. ಅಭ್ಯಾಸವೆಂದರೆ ಮೈಯ ವಿಶ್ವಾಸವನ್ನು ಸಂಪಾದಿಸುವುದು. ವಿಶ್ವಾಸ ಬಲಾತ್ಕಾರದಿಂದ ಬರುವ ವಸ್ತುವಲ್ಲ.

ಮುಂದಕ್ಕೆ ಬಾಗುವ ಸರಳ ಕ್ರಿಯೆಯನ್ನೇ ತೆಗೆದುಕೊಳ್ಳಿ. ತೊಡೆಯ ಹಿಂಭಾಗದ ಸ್ನಾಯುಗಳು ಕುಳಿತಾಗ ನೆಲಕ್ಕೆ ತಾಗುವ ಪೃಷ್ಠದ ಮೂಳೆಗಳಿಂದ ಹೊರಟು ಮಂಡಿಯ ಕೆಳಗೆ ಸೇರುತ್ತವೆ. ಅವು ಬಿಗಿಯಾಗಿದ್ದರೆ ಸೊಂಟ ಮುಂದಕ್ಕೆ ವಾಲುವುದಿಲ್ಲ. ಸೊಂಟ ವಾಲದಿದ್ದಾಗ, ಬಾಗಲೇಬೇಕೆಂಬ ಹಠಕ್ಕೆ ಬಲಿಯಾಗುವುದು ನಡುಬೆನ್ನು. ಮಂಡಿಯನ್ನು ಕೊಂಚ ಮಡಿಸಿದೊಡನೆ ಆ ಸ್ನಾಯುಗಳ ಹಿಡಿತ ಸಡಿಲಿ ಸೊಂಟ ತಾನಾಗಿ ವಾಲುತ್ತದೆ, ಬೆನ್ನು ನೀಳವಾಗುತ್ತದೆ. ‘ಮಂಡಿ ಮಡಿಸಿದರೆ ತಪ್ಪು’ ಎಂದು ಯಾರಾದರೂ ನಕ್ಕರೆ ನಗಲಿ, ಬೆನ್ನು ನಿಮ್ಮದು. ಪದ್ಮಾಸನದ ಕಥೆಯೂ ಹೀಗೆಯೇ. ಮಂಡಿ ಹೆಚ್ಚುಕಡಮೆ ಬಾಗಿಲಿನ ಕೀಲಿನಂತೆ ಒಂದೇ ದಿಕ್ಕಿಗೆ ಮಡಿಯುವಂಥದು. ಹೊರಕ್ಕೆ ತಿರುಗಬೇಕಾದುದು ತೊಡೆ ಸೊಂಟಕ್ಕೆ ಸೇರುವ ಕೀಲು. ಅದು ತಿರುಗಲೊಪ್ಪದಿರುವಾಗ ಪಾದವನ್ನು ಕೈಯಿಂದ ಎಳೆದು ತೊಡೆಯ ಮೇಲಿಟ್ಟರೆ ಆ ತಿರುವೆಲ್ಲ ಮಂಡಿಯ ಮೇಲೆ ಬೀಳುತ್ತದೆ. ಮಂಡಿಯಲ್ಲಿ ನೋವು ಕಂಡೊಡನೆ ಕಾಲನ್ನು ಬಿಡಿಸಿಕೊಳ್ಳಬೇಕು. ಸುಖಾಸನದಲ್ಲಿ ಕುಳಿತವನು ಪದ್ಮಾಸನದವನಿಗಿಂತ ಕಡಮೆಯ ಯೋಗಿಯೇನೂ ಅಲ್ಲ.

ನೆಲದ ಮೇಲೆ ಕೂರುವ ಮಾತು ಬಂದುದರಿಂದ ಇನ್ನೊಂದು ವಿಷಯವನ್ನು ಹೇಳಬೇಕು. ನಮ್ಮ ಅಜ್ಜ ಅಜ್ಜಿಯರಿಗೆ ಇದು ಕಲಿಯಬೇಕಾದ ವಿದ್ಯೆಯಾಗಿರಲಿಲ್ಲ. ರಂಗೋಲಿ ಹಾಕುವುದು, ಈಳಿಗೆಮಣೆಯ ಮುಂದೆ ಕುಳಿತು ತರಕಾರಿ ಹೆಚ್ಚುವುದು, ಒರಳಿನಲ್ಲಿ ರುಬ್ಬುವುದು, ಪಂಕ್ತಿಯಲ್ಲಿ ಊಟಕ್ಕೆ ಕೂರುವುದು — ದಿನಕ್ಕೆ ಹತ್ತಾರು ಬಾರಿ ಸೊಂಟ, ಮಂಡಿ, ಹಿಮ್ಮಡಿಗಳು ಪೂರ್ತಿಯಾಗಿ ಮಡಿಸಿ ಬಿಚ್ಚಿಕೊಳ್ಳುತ್ತಿದ್ದವು. ಇಂದು ಅಡುಗೆ ನಿಂತು, ಊಟ ಮೇಜಿನ ಮುಂದೆ, ಕೆಲಸ ಗಣಕಯಂತ್ರದ ಮುಂದೆ. ಬಳಸದ ಚಲನೆಯನ್ನು ಮೈ ಮೆಲ್ಲಮೆಲ್ಲನೆ ಮರೆಯುತ್ತದೆ. ಮುಪ್ಪಿನಲ್ಲಿ ನೆಲಕ್ಕೆ ಬಿದ್ದವನು ಇನ್ನೊಬ್ಬರ ಕೈಹಿಡಿಯದೆ ಏಳಬಲ್ಲನೇ ಎಂಬ ಪ್ರಶ್ನೆ ಬರುವ ಹೊತ್ತಿಗೆ ಆ ಮರೆವು ಎಷ್ಟು ದುಬಾರಿಯೆಂದು ತಿಳಿಯುತ್ತದೆ.

ನಮ್ಮ ಬಡಾವಣೆಯ ಅಭ್ಯಾಸದ ಗುಂಪಿಗೆ ಕೆಲವು ವರ್ಷಗಳ ಹಿಂದೆ ನಿವೃತ್ತರೊಬ್ಬರು ಬಂದರು. ಶೀರ್ಷಾಸನವಾಗಲಿ ಸರ್ವಾಂಗಾಸನವಾಗಲಿ ಅವರಿಗೆ ಬೇಕಿರಲಿಲ್ಲ. ಐದು ತಿಂಗಳಿಗೆ ಮಗಳ ಮದುವೆ. ಧಾರೆಯ ಹೊತ್ತಿಗೆ ಮಂಟಪದಲ್ಲಿ ಮಣೆಯ ಮೇಲೆ ಕುಳಿತು ಕನ್ಯಾದಾನ ಮಾಡಬೇಕು, ಕುರ್ಚಿ ಹಾಕಿಸಿಕೊಳ್ಳಬಾರದು ಎಂಬುದೊಂದೇ ಅವರ ಆಸೆ. ಮೊದಲ ದಿನ ನಾಲ್ಕು ಮಡಿಕೆ ಕಂಬಳಿಯ ಮೇಲೆ, ಗೋಡೆಗೆ ಒರಗಿ, ಎರಡು ನಿಮಿಷ ಕುಳಿತರು. ಹದಿನೈದು ದಿನಕ್ಕೊಮ್ಮೆ ಒಂದು ಮಡಿಕೆ ಕಡಮೆಯಾಯಿತು. ಮಂಡಿ ಬೇಡವೆಂದ ವಾರ ಮತ್ತೆ ಹೆಚ್ಚಾಯಿತು. ಮದುವೆಯ ದಿನ ಮಣೆಯ ಮೇಲೆ ಒಂದು ತೆಳು ದಿಂಬನ್ನು ಹಾಕಿಕೊಂಡು ಕರ್ಮ ಮುಗಿಯುವವರೆಗೂ ಕುಳಿತಿದ್ದರು. ಮಗಳ ಕೈಯನ್ನು ಅಳಿಯನ ಕೈಯಲ್ಲಿಟ್ಟು ತಾವೇ ಎದ್ದರು. ಅವರ ಜೊತೆಯಲ್ಲಿ ಬಂದ ಹುರುಪಿನ ತರುಣರಲ್ಲಿ ಹಲವರು ಒಂದು ತಿಂಗಳೂ ನಿಲ್ಲಲಿಲ್ಲ. ಮೊದಲ ವಾರದಲ್ಲಿಯೇ ಎಲ್ಲವನ್ನೂ ಮಾಡಲು ಹೋಗಿ, ಸೊಂಟ ಹಿಡಿದುಕೊಂಡು, ಮನೆಯಲ್ಲಿ ಉಳಿದರು. 2015ರಿಂದ ಪ್ರತಿವರ್ಷ ಜೂನ್ 21ರಂದು ನಡೆಯುತ್ತಿರುವ ಅಂತರರಾಷ್ಟ್ರೀಯ ಯೋಗದಿನದ ಮಾರನೆಯ ಬೆಳಗಿನಲ್ಲಿಯೂ ಇಂಥ ಮೈಕೈನೋವಿನ ಮಾತು ಕೇಳಿಬರುವುದುಂಟು.

ಹೊಸಬರು ಏನು ಮಾಡಬೇಕು? ಊಟವಾಗಿ ಮೂರು ನಾಲ್ಕು ಗಂಟೆ ಕಳೆದ ಯಾವ ಹೊತ್ತಾದರೂ ಸರಿ. ಬೆಳಗ್ಗೆ ಮನಸ್ಸು ಶಾಂತವಾಗಿರುತ್ತದೆ, ಮೈ ಬಿಗಿಯಾಗಿರುತ್ತದೆ. ರಾತ್ರಿ ಮಲಗಿದಾಗ ಬೆನ್ನುಮೂಳೆಗಳ ನಡುವಿನ ಬಿಲ್ಲೆಗಳು ನೀರು ಹೀರಿ ಉಬ್ಬುವುದರಿಂದ ಎದ್ದ ಕೂಡಲೇ ಆಳವಾಗಿ ಮುಂದಕ್ಕೆ ಬಾಗುವುದು ಹಿತವಲ್ಲ; ಒಂದು ಗಂಟೆ ಓಡಾಡಿ ಆಮೇಲೆ ಬಾಗಬಹುದು. ಸಂಜೆ ಮೈ ಸಡಿಲ, ಆದರೆ ಮನೆಯ ಗದ್ದಲ ಹೆಚ್ಚು. ನುಣುಪು ನೆಲದ ಮೇಲೆ ಜಮಖಾನ ಜಾರುತ್ತದೆ. ಜಾರದ ಹಾಸು ಬೇಕು. ಇಪ್ಪತ್ತು ನಿಮಿಷ, ವಾರಕ್ಕೆ ನಾಲ್ಕೈದು ದಿನ ಸಾಕು. ಭಾನುವಾರ ಎರಡು ಗಂಟೆ ಮಾಡಿ ಉಳಿದ ದಿನ ಬಿಡುವುದಕ್ಕಿಂತ ಇದು ಎಷ್ಟೋ ಮೇಲು.

ಆರು ಆಸನಗಳು ಮೊದಲ ಎರಡು ತಿಂಗಳಿಗೆ ಧಾರಾಳ. ಪಾದಗಳ ಮೇಲೆ ಭಾರವನ್ನು ಸಮನಾಗಿ ಹಂಚಿ ನೆಟ್ಟಗೆ ನಿಲ್ಲುವ ತಾಡಾಸನ, ಒಂದು ಕೈಯೆತ್ತಿ ಪಕ್ಕಕ್ಕೆ ಬಾಗುವ ಅರ್ಧಕಟಿಚಕ್ರಾಸನ, ಮಂಡಿಯನ್ನು ಕೊಂಚ ಮಡಿಸಿ, ಕೈಗಳನ್ನು ಕುರ್ಚಿಯ ಮೇಲಿರಿಸಿ ಮುಂದಕ್ಕೆ ಬಾಗುವುದು, ಬೋರಲು ಮಲಗಿ, ಕೈಗಳಿಂದ ನೆಲವನ್ನು ಬಲವಾಗಿ ಒತ್ತದೆ, ಬೆನ್ನಿನ ಶಕ್ತಿಯಿಂದಲೇ ಎದೆಯನ್ನು ಎತ್ತುವ ಭುಜಂಗಾಸನ, ಅಂಗಾತ ಮಲಗಿ ಒಂದೊಂದೇ ಮಂಡಿಯನ್ನು ಹೊಟ್ಟೆಯ ಕಡೆಗೆ ತಂದುಕೊಳ್ಳುವ ಪವನಮುಕ್ತಾಸನ, ಕೊನೆಗೆ ಶವಾಸನ. ಒಂದೊಂದರಲ್ಲಿ ಐದಾರು ಉಸಿರಿನಷ್ಟು ಹೊತ್ತು ನಿಲ್ಲಿ. ಮೇಲೇಳುವಾಗ, ಎದೆ ಅರಳಿಸುವಾಗ ಉಸಿರು ಒಳಕ್ಕೆ, ಬಾಗುವಾಗ ಹೊರಕ್ಕೆ. ಹೊರಬಿಡುವ ಉಸಿರು ಕೊಂಚ ನಿಡಿದಾದರೆ ಹೃದಯದ ಬಡಿತ ನಿಧಾನವಾಗುತ್ತದೆ, ಬಿಗಿ ಸಡಿಲುತ್ತದೆ. ಶವಾಸನವನ್ನು ಹೊತ್ತಾಯಿತೆಂದು ಬಿಟ್ಟು ಏಳುವವರೇ ಹೆಚ್ಚು. ಮೂರು ನಿಮಿಷವಾದರೂ ಅದಕ್ಕೆ ಮೀಸಲಿಡಿ.

ಎಷ್ಟು ಸಾಕು ಎಂದು ತಿಳಿಯುವುದು ಹೇಗೆ ಎಂದು ಕೇಳಬಹುದು. ಉಸಿರೇ ಅದಕ್ಕೆ ಸಾಕ್ಷಿ. ಅದು ತಡೆದರೆ, ಹಲ್ಲು ಕಚ್ಚಿಕೊಂಡರೆ, ಹುಬ್ಬು ಗಂಟಿಕ್ಕಿದರೆ ನೀವು ಎಲ್ಲೆಯನ್ನು ದಾಟಿದ್ದೀರಿ. ಒಂದು ಅಂಗುಲ ಹಿಂದಕ್ಕೆ ಬನ್ನಿ. ಸ್ನಾಯುವಿನ ನಡುಭಾಗದಲ್ಲಿ ಹರಡಿದಂತೆ ಕಾಣುವ ಎಳೆತ ಸಹಜ. ಕೀಲಿನ ಬಳಿ ಚುಚ್ಚಿದಂತಾಗುವ ನೋವು, ಕೈಕಾಲುಗಳಲ್ಲಿ ಜುಮ್ಮೆನ್ನುವುದು, ಜೋಮು ಹಿಡಿಯುವುದು — ಇವು ನಿಲ್ಲಿಸೆಂದು ಹೇಳುವ ಸೂಚನೆಗಳು. ರಕ್ತದೊತ್ತಡ ಹೆಚ್ಚಿರುವವರು, ಕಣ್ಣಿನಲ್ಲಿ ಗ್ಲಾಕೋಮಾ ಇರುವವರು, ಕತ್ತಿನ ತೊಂದರೆಯುಳ್ಳವರು ತಲೆ ಕೆಳಗಾಗುವ ಆಸನಗಳ ತಂಟೆಗೆ ಹೋಗಬಾರದು. ಗರ್ಭಿಣಿಯರು, ಬೆನ್ನಿನ ಬಿಲ್ಲೆ ಜಾರಿದವರು, ಮೂಳೆ ಸವೆದವರು ವೈದ್ಯರನ್ನು ಕೇಳಿ, ಬಲ್ಲ ಶಿಕ್ಷಕರ ಮುಂದೆಯೇ ಅಭ್ಯಾಸ ಮಾಡಬೇಕು. ಒಳ್ಳೆಯ ಶಿಕ್ಷಕರು ನಿಮ್ಮ ಕಾಯಿಲೆಗಳನ್ನು ಮೊದಲೇ ವಿಚಾರಿಸುತ್ತಾರೆ, ಬೆನ್ನ ಮೇಲೆ ಭಾರ ಹಾಕಿ ಒತ್ತುವುದಿಲ್ಲ.

ಯೋಗವೊಂದಿದ್ದರೆ ಬೇರೆ ಯಾವ ವ್ಯಾಯಾಮವೂ ಬೇಡ ಎಂಬ ಮಾತನ್ನು ನಾನು ಒಪ್ಪಲಾರೆ. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆಯಂಥ ಶ್ರಮ, ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ಕೆಲಸ ವಯಸ್ಕರಿಗೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ನಿಧಾನವಾದ ಆಸನಗಳು ನಡಿಗೆಯ ಸ್ಥಾನವನ್ನು ತುಂಬಲಾರವು. ನಡಿಗೆ ಆಸನದ ಸ್ಥಾನವನ್ನೂ ತುಂಬಲಾರದು. ಎರಡಕ್ಕೂ ದಿನದಲ್ಲಿ ಜಾಗವಿರಲಿ. ಔಷಧ ತೆಗೆದುಕೊಳ್ಳುತ್ತಿರುವವರು ಆಸನ ಕಲಿತೆವೆಂದು ಅದನ್ನು ತಾವಾಗಿ ನಿಲ್ಲಿಸಬಾರದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಎರಡು ತಿಂಗಳಾದ ಮೇಲೆ ಕೈ ಕಾಲ್ಬೆರಳಿಗೆ ಮುಟ್ಟಿತೇ ಎಂದು ಅಳೆಯಬೇಡಿ. ಕುಳಿತು ಚಪ್ಪಲಿಯ ಪಟ್ಟಿ ಬಿಗಿಯುವುದು ಸುಲಭವಾಯಿತೇ, ಬಸ್ಸಿನ ಮೆಟ್ಟಿಲು ಹತ್ತುವಾಗ ಕೈ ಕಂಬಿಯನ್ನು ಹುಡುಕುವುದು ಕಡಮೆಯಾಯಿತೇ, ಮೊಮ್ಮಗುವಿನ ಜೊತೆ ನೆಲದ ಮೇಲೆ ಕೂರಲು ಮನಸ್ಸು ಬಂತೇ ಎಂದು ನೋಡಿಕೊಳ್ಳಿ. ಬಂದಿದ್ದರೆ ಏಳನೆಯ ಆಸನವನ್ನು ಕಲಿಯಬಹುದು. ಬಂದಿರದಿದ್ದರೆ ಆ ಆರನ್ನೇ ಇನ್ನೆರಡು ತಿಂಗಳು ಮುಂದುವರಿಸಿ, ಅವಸರವೇನೂ ಇಲ್ಲ.