ಫೇಲಾಗದಿದ್ದರೂ ಕೈತಪ್ಪುವ ನೆರವು

ಅಮೆರಿಕದಲ್ಲಿ ಕಾಲೇಜು ಓದಿಗೆ ಅಲ್ಲಿನ ಕೇಂದ್ರ ಸರ್ಕಾರ ಕೊಡುವ ಹಣಕಾಸಿನ ನೆರವು ಒಮ್ಮೆ ಮಂಜೂರಾದ ಮಾತ್ರಕ್ಕೆ ಪದವಿ ಮುಗಿಯುವ ತನಕ ತಾನಾಗಿ ಬರುತ್ತಿರುವುದಿಲ್ಲ. ವರ್ಷ ವರ್ಷವೂ ಹೊಸದಾಗಿ ಅರ್ಜಿ ಹಾಕಬೇಕು. ಅದರ ಜೊತೆಗೆ, ವಿದ್ಯಾರ್ಥಿಯ ಓದು ಪದವಿಯ ಕಡೆಗೆ ಸರಿಯಾಗಿ ಸಾಗುತ್ತಿದೆಯೇ ಎಂದು ಕಾಲೇಜು ಲೆಕ್ಕ ಹಾಕಿ ನೋಡಬೇಕು. ಈ ಲೆಕ್ಕಕ್ಕೆ ಅಲ್ಲಿ ‘ಸ್ಯಾಟಿಸ್ಫ್ಯಾಕ್ಟರಿ ಅಕಾಡೆಮಿಕ್ ಪ್ರೋಗ್ರೆಸ್’ ಎಂದು ಹೆಸರು. ರೂಢಿಯಲ್ಲಿ ಬರೀ ‘ಸ್ಯಾಪ್’. ಇದರಲ್ಲಿ ತಪ್ಪಿದರೆ ಮರುಪಾವತಿ ಬೇಡದ ಪೆಲ್ ಗ್ರಾಂಟ್, ಸರ್ಕಾರಿ ಸಾಲ, ಓದುತ್ತಲೇ ದುಡಿದು ಗಳಿಸುವ ವರ್ಕ್-ಸ್ಟಡಿ, ತಂದೆತಾಯಿಯ ಹೆಸರಿನಲ್ಲಿ ಸಿಗುವ ಪ್ಲಸ್ ಸಾಲ ಎಲ್ಲವೂ ಒಟ್ಟಿಗೇ ನಿಲ್ಲುತ್ತವೆ. 2024–25ರಲ್ಲಿ ಪೆಲ್ ಗ್ರಾಂಟಿನ ಗರಿಷ್ಠ ಮೊತ್ತ ವರ್ಷಕ್ಕೆ 7,395 ಡಾಲರ್ ಇತ್ತು. ಕಡಿಮೆ ಆದಾಯದ ಕುಟುಂಬಕ್ಕೆ ಅಷ್ಟು ಹಣ ಕೈಬಿಟ್ಟರೆ ಓದೇ ನಿಂತುಹೋಗಬಹುದು.

ಈ ನೆರವಿನ ಬೇರು ಇರುವುದು ಅಧ್ಯಕ್ಷ ಲಿಂಡನ್ ಜಾನ್ಸನ್ 1965ರಲ್ಲಿ ಸಹಿ ಹಾಕಿದ ಉನ್ನತ ಶಿಕ್ಷಣ ಕಾಯ್ದೆಯಲ್ಲಿ. ಓದಿನ ಪ್ರಗತಿಯ ಷರತ್ತು ಅದಕ್ಕೆ ಸೇರಿದ್ದು 1976ರ ತಿದ್ದುಪಡಿಯಿಂದ. ಈಗ ಚಾಲ್ತಿಯಲ್ಲಿರುವ ನಿಯಮಗಳು 2011ರ ಜುಲೈ 1ರಿಂದ ಜಾರಿಗೆ ಬಂದವು. ಸರ್ಕಾರ ಚೌಕಟ್ಟು ಹಾಕಿಕೊಟ್ಟಿದೆ, ಅದರೊಳಗಿನ ನಿಯಮಗಳನ್ನು ಆಯಾ ಕಾಲೇಜೇ ಬರೆದುಕೊಳ್ಳುತ್ತದೆ. ಹಾಗಾಗಿ ಒಂದು ಕಾಲೇಜಿನಲ್ಲಿ ಪಾರಾಗುವ ವಿದ್ಯಾರ್ಥಿ ಪಕ್ಕದ ಊರಿನ ಕಾಲೇಜಿನಲ್ಲಿ ಸಿಕ್ಕಿಬೀಳುವುದೂ ಉಂಟು.

ನೆರವಿಗೆ ಷರತ್ತು ಹಾಕುವುದು ಭಾರತದಲ್ಲೂ ಹೊಸದಲ್ಲ. ಇಲ್ಲಿನ ಕೇಂದ್ರ ವಲಯದ ವಿದ್ಯಾರ್ಥಿವೇತನ ನವೀಕರಣವಾಗಬೇಕಾದರೆ ಶೇ. 50 ಅಂಕ, ಶೇ. 75 ಹಾಜರಾತಿ ಬೇಕು. ಅಮೆರಿಕದ ಲೆಕ್ಕ ಮಾತ್ರ ಹಾಜರಾತಿಯ ಮೇಲೆ ನಿಂತಿಲ್ಲ, ಗ್ರೇಡ್ ಮತ್ತು ಪ್ರತಿ ಕೋರ್ಸಿಗೆ ನಿಗದಿಯಾದ ಕ್ರೆಡಿಟ್‌ಗಳ ಮೇಲೆ ನಿಂತಿದೆ. ಅದರಲ್ಲಿ ಮೂರು ಅಳತೆಗಳಿವೆ.

ಮೊದಲನೆಯದು ಅಂಕ. ನಾಲ್ಕರ ಮಾಪಕದಲ್ಲಿ ಜಿಪಿಎ ಸಾಮಾನ್ಯವಾಗಿ 2.0, ಅಂದರೆ ಸರಾಸರಿ ‘ಸಿ’ ಗ್ರೇಡ್ ಇರಬೇಕು. ಎರಡನೇ ವರ್ಷದ ಕೊನೆಗೆ ವಿದ್ಯಾರ್ಥಿ ‘ಸಿ’ ಸರಾಸರಿಯನ್ನಾಗಲೀ ಪದವಿ ಪಡೆಯಲು ತಕ್ಕ ಮಟ್ಟವನ್ನಾಗಲೀ ಮುಟ್ಟಿರಬೇಕೆಂದು ಕಾಯ್ದೆಯೇ ಹೇಳುತ್ತದೆ. ಸ್ನಾತಕೋತ್ತರ ವಿಭಾಗಗಳು ಬಹುಪಾಲು 3.0 ಕೇಳುತ್ತವೆ. ಇದು ಎಲ್ಲರಿಗೂ ಗೊತ್ತಿರುವ ಅಳತೆ. ಇದರ ಬಗ್ಗೆ ಎಚ್ಚರವೂ ಇರುತ್ತದೆ.

ಗೊತ್ತಿಲ್ಲದೆ ಕಾಲಿಗೆ ತೊಡರುವುದು ಎರಡನೆಯದು: ವೇಗ. ವಿದ್ಯಾರ್ಥಿ ಇಲ್ಲಿಯವರೆಗೆ ತೆಗೆದುಕೊಂಡ ಒಟ್ಟು ಕ್ರೆಡಿಟ್‌ಗಳಲ್ಲಿ ಎಷ್ಟು ಪಾಸು ಮಾಡಿದ್ದಾನೆ ಎಂಬ ಪ್ರಮಾಣ ಅದು. ಹೆಚ್ಚಿನ ಕಾಲೇಜುಗಳು ಮೂರರಲ್ಲಿ ಎರಡು ಪಾಲು, ಶೇ. 66.67 ಅಥವಾ 67, ಎಂದು ಇಟ್ಟುಕೊಂಡಿವೆ. ಈ ಸಂಖ್ಯೆ ಹುಟ್ಟಿದ್ದು ಮೂರನೆಯ ಅಳತೆಯಿಂದ. ಪದವಿಗೆ ನಿಗದಿಯಾದ ಕ್ರೆಡಿಟ್‌ಗಳ ಒಂದೂವರೆ ಪಟ್ಟು ದಾಟುವುದರೊಳಗೆ ಓದು ಮುಗಿಯಬೇಕು. 120 ಕ್ರೆಡಿಟ್‌ಗಳ ಪದವಿಗೆ 180 ಮಿತಿ. 180ರಲ್ಲಿ 120 ಎಂದರೆ ಮೂರರಲ್ಲಿ ಎರಡು ಪಾಲು ತಾನೇ?

ವೇಗದ ಲೆಕ್ಕ ಹೇಗೆ ಕಚ್ಚುತ್ತದೆ ಎಂಬುದಕ್ಕೆ ಒಂದು ಉದಾಹರಣೆ ನೋಡಬಹುದು. ಒಬ್ಬ ಹುಡುಗಿ ಮೊದಲ ಸೆಮಿಸ್ಟರಿನಲ್ಲಿ ಮೂರು ಮೂರು ಕ್ರೆಡಿಟ್ಟಿನ ಐದು ಕೋರ್ಸ್ ತೆಗೆದುಕೊಳ್ಳುತ್ತಾಳೆ, ಒಟ್ಟು 15. ಅರ್ಧ ಸೆಮಿಸ್ಟರ್ ಕಳೆಯುವ ಹೊತ್ತಿಗೆ ಕೆಮಿಸ್ಟ್ರಿಯೂ ಕ್ಯಾಲ್ಕುಲಸ್ಸೂ ಕೈಮೀರುತ್ತವೆ. ಫೇಲಾಗಿ ಜಿಪಿಎ ಕೆಡಿಸಿಕೊಳ್ಳುವುದಕ್ಕಿಂತ ಬಿಟ್ಟುಬಿಡುವುದೇ ವಾಸಿ ಎಂದು ಯಾರೋ ಹೇಳುತ್ತಾರೆ, ಅವಳು ಎರಡನ್ನೂ ಬಿಡುತ್ತಾಳೆ. ಅಂಕಪಟ್ಟಿಯಲ್ಲಿ ಎರಡು ‘ಡಬ್ಲ್ಯೂ’ ಬೀಳುತ್ತವೆ. ಉಳಿದ ಮೂರರಲ್ಲಿ ‘ಬಿ’ ಬಂದು ಜಿಪಿಎ 3.0 ಆಗುತ್ತದೆ. ಮನೆಯವರಿಗೆ ತೋರಿಸಿದರೆ ಯಾರೂ ಬೇಸರಪಡುವ ಪಟ್ಟಿಯಲ್ಲ. ಆದರೆ ನೆರವಿನ ಕಚೇರಿಯ ಲೆಕ್ಕದಲ್ಲಿ ತೆಗೆದುಕೊಂಡದ್ದು 15, ಗಳಿಸಿದ್ದು 9. ವೇಗ ಶೇ. 60, ಅಲ್ಲಿಗೆ ಅವಳು ತಪ್ಪಿದಳು. ಮುಂದಿನ ಸೆಮಿಸ್ಟರಿನಲ್ಲಿ 12 ಕ್ರೆಡಿಟ್ ತೆಗೆದುಕೊಂಡು ಎಲ್ಲವನ್ನೂ ಪಾಸು ಮಾಡಿದರೆ 27ಕ್ಕೆ 21, ಸುಮಾರು ಶೇ. 78; ಚೇತರಿಸಿಕೊಂಡಳು. ಅದರಲ್ಲಿ ಒಂದು ಕೋರ್ಸ್ ಹೋದರೂ 27ಕ್ಕೆ 18, ಸರಿಯಾಗಿ ಮೂರನೇ ಎರಡು. ಮೂರನೇ ಎರಡು ಸಾಕು ಎನ್ನುವ ಕಾಲೇಜಿನಲ್ಲಿ ಅವಳು ಪಾರು, ಪೂರಾ 67 ಬೇಕೆನ್ನುವ ಕಾಲೇಜಿನಲ್ಲಿ ಇಲ್ಲ.

ಜಿಪಿಎ ಉಳಿಸಲು ಕೊಡುವ ಸಲಹೆಯೇ ವೇಗವನ್ನು ಕೆಡಿಸುತ್ತದೆ ಎಂಬುದು ಈ ನಿಯಮದ ದೊಡ್ಡ ತೊಡಕು. ಸೆಮಿಸ್ಟರ್ ಶುರುವಾದ ಮೊದಲ ಒಂದೆರಡು ವಾರಗಳಲ್ಲಿ, ಕಾಲೇಜು ಹೇಳಿದ ಗಡುವಿನೊಳಗೆ ಬಿಟ್ಟ ಕೋರ್ಸ್ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ಆಮೇಲೆ ಬಿಟ್ಟದ್ದೆಲ್ಲ ಬರುತ್ತದೆ. ಫೇಲಾದ ಕೋರ್ಸನ್ನು ಮತ್ತೆ ಓದಿ ಪಾಸಾದರೆ ಅನೇಕ ಕಡೆ ಹಳೆಯ ಗ್ರೇಡ್ ಜಿಪಿಎಯಿಂದ ಮಾಯವಾಗುತ್ತದೆ. ವೇಗದ ಲೆಕ್ಕದಲ್ಲಿ ಎರಡು ಸಲದ್ದೂ ನಿಲ್ಲುತ್ತದೆ. ಬೇರೆ ಕಾಲೇಜಿನಿಂದ ತಂದು ಇಲ್ಲಿ ಒಪ್ಪಿಗೆಯಾದ ಕ್ರೆಡಿಟ್‌ಗಳು ತೆಗೆದುಕೊಂಡದ್ದರಲ್ಲೂ ಗಳಿಸಿದ್ದರಲ್ಲೂ ಸೇರುತ್ತವೆ. ನೆರವು ಪಡೆಯದೆ ಕೈಯಿಂದ ಹಣ ಕಟ್ಟಿ ಓದಿದ ಸೆಮಿಸ್ಟರ್‌ಗಳೂ ಲೆಕ್ಕದ ಹೊರಗಲ್ಲ. ಹತ್ತು ವರ್ಷದ ಹಿಂದೆ ಅರ್ಧಕ್ಕೆ ಬಿಟ್ಟುಹೋದ ಓದನ್ನು ಮುಂದುವರಿಸಲು ಅದೇ ಕಾಲೇಜಿಗೆ ಮರಳಿದವರಿಗೆ ಆಗಿನ ‘ಎಫ್’ಗಳು ಬಾಗಿಲಲ್ಲೇ ಎದುರಾಗುವುದು ಇದರಿಂದಲೇ.

ಒಂದೂವರೆ ಪಟ್ಟಿನ ಮಿತಿಗೂ ಒಂದು ಸೂಕ್ಷ್ಮವಿದೆ. 180 ಮುಟ್ಟುವ ತನಕ ಕಾಯುವ ಪದ್ಧತಿ ಇಲ್ಲ. 150 ಕ್ರೆಡಿಟ್ ತೆಗೆದುಕೊಂಡು 85 ಮಾತ್ರ ಗಳಿಸಿದವನಿಗೆ ಇನ್ನೂ 35 ಬೇಕು. ಎಲ್ಲವನ್ನೂ ಒಂದೇ ಏಟಿಗೆ ಪಾಸು ಮಾಡಿದರೂ ಲೆಕ್ಕ 185ಕ್ಕೆ ಹೋಗುತ್ತದೆ. ಮಿತಿಯೊಳಗೆ ಮುಗಿಸುವುದು ಸಾಧ್ಯವಿಲ್ಲವೆಂದು ಗೊತ್ತಾದ ದಿನವೇ ನೆರವು ನಿಲ್ಲುತ್ತದೆ.

ಕಾಲೇಜು ಈ ಲೆಕ್ಕವನ್ನು ಪ್ರತಿ ಸೆಮಿಸ್ಟರಿನ ಕೊನೆಗೆ ಹಾಕಬಹುದು, ಇಲ್ಲವೇ ವರ್ಷಕ್ಕೊಮ್ಮೆ ಹಾಕಬಹುದು. ಆಡಳಿತದ ಅನುಕೂಲದಂತೆ ಕಾಣುವ ಈ ಆಯ್ಕೆ ವಿದ್ಯಾರ್ಥಿಯ ಪಾಲಿಗೆ ಬಹಳ ದೊಡ್ಡದು. ಸೆಮಿಸ್ಟರಿಗೊಮ್ಮೆ ನೋಡುವ ಕಾಲೇಜು ಮೊದಲ ಸಲ ತಪ್ಪಿದವರಿಗೆ ‘ವಾರ್ನಿಂಗ್’ ಕೊಟ್ಟು ಇನ್ನೊಂದು ಸೆಮಿಸ್ಟರ್ ನೆರವು ಮುಂದುವರಿಸಬಹುದು. ಅದಕ್ಕೆ ಅರ್ಜಿಯೂ ಬೇಡ. ವರ್ಷಕ್ಕೊಮ್ಮೆ ನೋಡುವ ಕಾಲೇಜಿಗೆ ಈ ವಾರ್ನಿಂಗ್ ಕೊಡುವ ಅಧಿಕಾರವೇ ಇಲ್ಲ. ಅಲ್ಲಿ ವಸಂತದ ಸೆಮಿಸ್ಟರ್ ಮುಗಿದ ಮೇಲೆ ನೇರವಾಗಿ ನೆರವು ನಿಂತಿದೆ ಎಂಬ ಪತ್ರ ಬರುತ್ತದೆ. ಅದೂ ವಿದ್ಯಾರ್ಥಿಯ ಕಾಲೇಜು ಇಮೇಲಿಗೆ. 1974ರ ಖಾಸಗಿತನದ ಕಾನೂನಿನಂತೆ ಕಾಲೇಜು ಸೇರಿದ ಮೇಲೆ ಅಂಕಗಳ ಮೇಲಿನ ಹಕ್ಕು ವಿದ್ಯಾರ್ಥಿಯದು. ಹಾಗಾಗಿ ಮನೆಯವರಿಗೆ ಸುದ್ದಿ ಮುಟ್ಟುವುದು ಎಷ್ಟೋ ಸಲ ಮುಂದಿನ ಸೆಮಿಸ್ಟರಿನ ಬಿಲ್ಲಿನ ಜೊತೆಗೆ.

ನೆರವು ನಿಂತ ಮೇಲಿನ ದಾರಿ ಅಪೀಲು. ಕಾಲೇಜು ಅಪೀಲಿಗೆ ಅವಕಾಶ ಇಟ್ಟಿದ್ದರೆ ಮಾತ್ರ, ಇಡಲೇಬೇಕೆಂಬ ಕಟ್ಟಳೆಯಿಲ್ಲ. ಹತ್ತಿರದ ಬಂಧುವಿನ ಸಾವು, ವಿದ್ಯಾರ್ಥಿಗೆ ಆದ ಕಾಯಿಲೆ ಅಥವಾ ಪೆಟ್ಟು, ಇಂಥದೇ ವಿಶೇಷ ಸಂದರ್ಭಗಳನ್ನು ನಿಯಮ ಒಪ್ಪುತ್ತದೆ. ಅರ್ಜಿಯಲ್ಲಿ ಎರಡು ಮಾತು ಇರಬೇಕು: ಯಾಕೆ ತಪ್ಪಿತು, ಈಗ ಏನು ಬದಲಾಗಿದೆ. ಆಸ್ಪತ್ರೆಯ ಕಾಗದ, ಮರಣ ಪ್ರಮಾಣಪತ್ರ ಲಗತ್ತಿಸಿ ಕಷ್ಟವನ್ನು ಮನಮುಟ್ಟುವಂತೆ ಬರೆದವರೂ ಎರಡನೆಯ ಮಾತನ್ನು ಮರೆತರೆ ಅರ್ಜಿ ಬಿದ್ದುಹೋಗಬಹುದು. ಕೆಲಸದ ಗಂಟೆ ಕಡಿಮೆಯಾಗಿದೆ, ಚಿಕಿತ್ಸೆ ಮುಗಿದಿದೆ, ತಾಯಿಯನ್ನು ನೋಡಿಕೊಳ್ಳಲು ಅಕ್ಕ ಬಂದಿದ್ದಾಳೆ ಎಂಬಂಥ ಸಾದಾ ವಿವರವೇ ಅಲ್ಲಿ ಬೇಕಾದದ್ದು.

ಅಪೀಲು ಗೆದ್ದರೆ ಒಂದು ಸೆಮಿಸ್ಟರ್ ‘ಪ್ರೊಬೇಷನ್’. ಅಷ್ಟರಲ್ಲಿ ಲೆಕ್ಕ ಸರಿಹೋಗದಷ್ಟು ಹಿಂದೆ ಬಿದ್ದಿದ್ದರೆ ಕಾಲೇಜು ಒಂದು ಓದಿನ ಯೋಜನೆ ಬರೆದುಕೊಡುತ್ತದೆ: ಇಂತಿಷ್ಟು ಕೋರ್ಸ್, ಇಂತಿಷ್ಟು ಗ್ರೇಡ್, ನಡುವೆ ಯಾವುದನ್ನೂ ಬಿಡುವಂತಿಲ್ಲ. ಅದರಂತೆ ನಡೆದುಕೊಂಡಷ್ಟು ಕಾಲ ನೆರವು ಬರುತ್ತದೆ. ಅಪೀಲು ಸೋತವರು ತಮ್ಮ ಹಣದಲ್ಲಿ ಓದಿ ಅಳತೆಗಳನ್ನು ಮತ್ತೆ ಮುಟ್ಟಬೇಕು. ಒಂದು ವರ್ಷ ಕಾಲೇಜಿನಿಂದ ದೂರ ಉಳಿದರೆ ಎಲ್ಲ ಸರಿಹೋಗುತ್ತದೆ ಎಂಬುದು ತಪ್ಪು ನಂಬಿಕೆ. ಸುಮ್ಮನೆ ಕೂತರೆ ಪ್ರಮಾಣ ಬದಲಾಗುವುದಿಲ್ಲ.

ತೆರಿಗೆಯ ಹಣ ಓದದವರ ಪಾಲಾಗಬಾರದು ಎಂಬ ಉದ್ದೇಶದಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೂ ಏಟು ಬೀಳುವುದು ಯಾರಿಗೆ ಎಂಬ ಪ್ರಶ್ನೆ ಉಳಿಯುತ್ತದೆ. ಉಳ್ಳವರ ಮಗ ಎರಡು ಕೋರ್ಸ್ ಬಿಟ್ಟರೆ ನಷ್ಟ ಫೀಸಿನಷ್ಟು. ಪೆಲ್ ಗ್ರಾಂಟ್ ನಂಬಿದವನಿಗೆ ಮುಂದಿನ ಓದೇ ನಷ್ಟ. ಸಂಶೋಧಕರಾದ ಜುಡಿತ್ ಸ್ಕಾಟ್-ಕ್ಲೇಟನ್ ಮತ್ತು ಲಾರೆನ್ ಶುಡೆ ಕಮ್ಯುನಿಟಿ ಕಾಲೇಜುಗಳ ದಾಖಲೆಗಳನ್ನು ಅಧ್ಯಯನ ಮಾಡಿದಾಗ ಈ ನಿಯಮ ಕೆಲವರ ಗ್ರೇಡ್ ಏರಿಸಿದ್ದೂ ಕೆಲವರು ಓದು ಬಿಡುವಂತೆ ಮಾಡಿದ್ದೂ ಎರಡೂ ಕಂಡವು. ನಿಯಮ ಸಡಿಲಿಸಲು ಬರುವುದಿಲ್ಲವೆಂದೂ ಇಲ್ಲ: 2020ರ ಮಾರ್ಚಿನ ಕೇರ್ಸ್ ಕಾಯ್ದೆ, ಕೋವಿಡ್‌ನಿಂದಾಗಿ ಮುಗಿಸಲಾಗದ ಕ್ರೆಡಿಟ್‌ಗಳನ್ನು ವೇಗದ ಲೆಕ್ಕದಿಂದ ಕೈಬಿಡಲು ಕಾಲೇಜುಗಳಿಗೆ ಅವಕಾಶ ಕೊಟ್ಟಿತು.

ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಪೌರತ್ವ ಅಥವಾ ಗ್ರೀನ್ ಕಾರ್ಡ್ ಇರುವ ಮಕ್ಕಳಿಗೆ ಈ ನಿಯಮಗಳೆಲ್ಲ ಅನ್ವಯಿಸುತ್ತವೆ. ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಎಫ್-1 ವೀಸಾದಲ್ಲಿ ಹೋದವರಿಗೆ ಕೇಂದ್ರದ ನೆರವೇ ಇಲ್ಲವಾದ್ದರಿಂದ ಸ್ಯಾಪ್‌ನ ಗೊಡವೆಯೂ ಇಲ್ಲ. ಆದರೆ ಕೋರ್ಸ್ ಬಿಡುವ ಮುನ್ನ ಅವರು ನೋಡಬೇಕಾದ ಲೆಕ್ಕಗಳು ಬೇರೆ ಇವೆ. ವೀಸಾ ಉಳಿಯಲು ಪದವಿ ವಿದ್ಯಾರ್ಥಿಗಳು ಸೆಮಿಸ್ಟರಿಗೆ ಸಾಮಾನ್ಯವಾಗಿ 12 ಕ್ರೆಡಿಟ್ ಓದುತ್ತಿರಬೇಕು. ಕಾಲೇಜು ತನ್ನ ನಿಧಿಯಿಂದ ಕೊಡುವ ಸ್ಕಾಲರ್‌ಶಿಪ್, ಅಸಿಸ್ಟೆಂಟ್‌ಶಿಪ್‌ಗಳಿಗೆ ಜಿಪಿಎ ಷರತ್ತು ಪ್ರತ್ಯೇಕವಾಗಿದ್ದು, ಎಷ್ಟೋ ಕಡೆ ಕೇಂದ್ರದ ಅಳತೆಗಿಂತ ಬಿಗಿಯಾಗಿರುತ್ತದೆ. ಪ್ರವೇಶದ ಜೊತೆ ಬಂದ ಆಫರ್ ಪತ್ರದಲ್ಲಿ ಅದು ಸಾಮಾನ್ಯವಾಗಿ ಬರೆದಿರುತ್ತದೆ.