ಚಿತ್ರದುರ್ಗ ಪ್ರದೇಶದ ಮುಂಗಾರುಪೂರ್ವ ಗುಡುಗುಮಳೆ ಮತ್ತು ವಿಮಾನಯಾನ

ಮುಂಗಾರುಪೂರ್ವ ಗುಡುಗುಮಳೆ ಎಂದರೆ ಮಾರ್ಚ್‌ನಿಂದ ಮೇ ಕೊನೆಯವರೆಗೆ, ನೈಋತ್ಯ ಮಾರುತ ತಲುಪುವ ಮೊದಲು, ಗುಡುಗು, ಸಿಡಿಲು, ಬಿರುಗಾಳಿ ಮತ್ತು ಕೆಲವೊಮ್ಮೆ ಆಲಿಕಲ್ಲಿನೊಡನೆ ಸುರಿಯುವ ಮಳೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳಿರುವ ಮಧ್ಯ ಕರ್ನಾಟಕದ ಬಯಲುಸೀಮೆಯಲ್ಲಿ ಬೇಸಿಗೆಯ ಸಂಜೆಗಳಲ್ಲಿ ಇದು ಕಂಡುಬರುತ್ತದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮುಂಗಾರು ಆರಂಭವಾಗುವುದು ಜೂನ್‌ನಲ್ಲಿ. ಇಲ್ಲಿನ ರೈತರಿಗಾದರೋ ಏಪ್ರಿಲ್–ಮೇ ತಿಂಗಳ ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳೇ ಮುಂಗಾರಿನ ಮೊದಲ ಮಳೆಗಳು.

ಉಂಟಾಗುವ ಬಗೆ

ಗುಡುಗುಮೋಡ ಬೆಳೆಯಲು ನೆಲಮಟ್ಟದಲ್ಲಿ ತೇವಾಂಶ, ಮೇಲೆ ಹೋದಂತೆ ಬೇಗನೆ ತಣ್ಣಗಾಗುವ ವಾಯುಮಂಡಲ ಮತ್ತು ಗಾಳಿಯನ್ನು ಮೇಲಕ್ಕೆತ್ತುವ ಒಂದು ಕಾರಣ ಕೂಡಿಬರಬೇಕು. ಸಮುದ್ರಮಟ್ಟದಿಂದ ಸುಮಾರು 730 ಮೀಟರ್ ಎತ್ತರದಲ್ಲಿರುವ ಚಿತ್ರದುರ್ಗದ ಸುತ್ತಣ ಕಲ್ಲುನೆಲ ಮಧ್ಯಾಹ್ನದ ವೇಳೆಗೆ ಚೆನ್ನಾಗಿ ಕಾಯುತ್ತದೆ. ತೇವಾಂಶವು ಅರಬ್ಬೀ ಸಮುದ್ರ ಹಾಗೂ ಬಂಗಾಳ ಕೊಲ್ಲಿಯಿಂದ ಬರುತ್ತದೆ. ವಿದರ್ಭ, ಮರಾಠವಾಡಗಳ ಕಡೆಯಿಂದ ಒಳನಾಡು ಕರ್ನಾಟಕದ ಮೂಲಕ ದಕ್ಷಿಣಕ್ಕೆ ಚಾಚಿಕೊಳ್ಳುವ ಕಡಿಮೆ ಒತ್ತಡದ ಪಟ್ಟಿಯಲ್ಲಿ ಗಾಳಿಗಳು ಸಂಧಿಸಿ ಮೇಲೇರುತ್ತವೆ. ಬೆಳಗ್ಗೆ ಶುಭ್ರವಾಗಿದ್ದ ಆಕಾಶ ಸಂಜೆಗೆ ಕಪ್ಪಾಗುವುದಕ್ಕೆ ಇದೇ ಕಾರಣ. ಬೆಳಗಿನ ಆಕಾಶವನ್ನು ನೋಡಿ ಸಂಜೆಯನ್ನು ಊಹಿಸಲಾಗದು.

ಹಿರಿಯೂರಿನಂತಹ ಒಣಪ್ರದೇಶದಲ್ಲಿ ಇನ್ನೊಂದು ಅಪಾಯವಿದೆ. ಮೋಡದ ಬುಡ ಎತ್ತರದಲ್ಲಿದ್ದು ಕೆಳಗಿನ ಗಾಳಿ ಒಣಗಿದ್ದರೆ ಮಳೆಹನಿಗಳು ನೆಲ ಮುಟ್ಟುವ ಮೊದಲೇ ಆವಿಯಾಗುತ್ತವೆ. ಆಗ ತಣ್ಣಗಾಗಿ ಭಾರವಾದ ಗಾಳಿ ಕೆಳಕ್ಕೆ ಕುಸಿದು ನೆಲಕ್ಕೆ ಬಡಿದು ಎಲ್ಲ ದಿಕ್ಕಿಗೂ ಹರಡುತ್ತದೆ. ಮಳೆಗಿಂತ ಮುಂಚೆ ಧೂಳೆಬ್ಬಿಸಿಕೊಂಡು ನುಗ್ಗುವ ಗಾಳಿ ಇಂಥದು.

ಮುನ್ಸೂಚನೆ

ಮುನ್ಸೂಚನೆಯ ಅವಧಿ ಕಿರಿದಾದಷ್ಟೂ ಅದರ ನಿಖರತೆ ಹೆಚ್ಚುತ್ತದೆ. ಎರಡು–ಮೂರು ದಿನ ಮೊದಲು ಗಣಕ ಮಾದರಿಗಳು ಜಿಲ್ಲೆಯ ಮಟ್ಟದಲ್ಲಿ ಗುಡುಗಿನ ಸಾಧ್ಯತೆಯನ್ನು ಹೇಳಬಲ್ಲವು; ಮಳೆ ಹೊಸದುರ್ಗಕ್ಕೋ ಹೊಳಲ್ಕೆರೆಗೋ ಎಂಬುದನ್ನು ಹೇಳಲಾರವು. ಒಂದು ಗುಡುಗುಮೋಡದ ಹರಹು ಕೆಲವೇ ಕಿಲೋಮೀಟರ್, ಆಯುಸ್ಸು ಹೆಚ್ಚಾಗಿ ಒಂದು ಗಂಟೆಯ ಆಸುಪಾಸು. ಬಲೂನಿಗೆ ಕಟ್ಟಿದ ರೇಡಿಯೋಸಾಂಡ್ ಉಪಕರಣ ಮೇಲಿನ ಗಾಳಿಯ ಉಷ್ಣತೆ, ಆರ್ದ್ರತೆಗಳನ್ನು ಅಳೆದು ಕಳಿಸುತ್ತದೆ. ಅದರಿಂದ ವಾಯುಮಂಡಲ ಎಷ್ಟು ಅಸ್ಥಿರವೆಂದು ಲೆಕ್ಕಹಾಕುತ್ತಾರೆ. ಮೋಡ ಹುಟ್ಟಿದ ಬಳಿಕ ಇನ್ಸಾಟ್ ಉಪಗ್ರಹ ಚಿತ್ರಗಳು ಮತ್ತು ಡಾಪ್ಲರ್ ರಾಡಾರ್ ನೆರವಾಗುತ್ತವೆ. ಇವುಗಳ ಆಧಾರದಲ್ಲಿ ಭಾರತೀಯ ಹವಾಮಾನ ಇಲಾಖೆ ಮೂರು ಗಂಟೆಗಳ ‘ನೌಕಾಸ್ಟ್’ ನೀಡುತ್ತದೆ. ಗಾಳಿಯ ವೇಗ ಥಟ್ಟನೆ ಕನಿಷ್ಠ 29 ಕಿ.ಮೀ. ಏರಿ, ಗಂಟೆಗೆ 40 ಕಿ.ಮೀ. ಅಥವಾ ಹೆಚ್ಚಾಗಿ, ಒಂದು ನಿಮಿಷವಾದರೂ ನಿಂತರೆ ಅದನ್ನು ‘ಸ್ಕ್ವಾಲ್’ ಎನ್ನುತ್ತಾರೆ.

ವಿಮಾನಯಾನದ ಮೇಲೆ ಪರಿಣಾಮ

ಬಲಿತ ಗುಡುಗುಮೋಡದ ತಲೆ 12ರಿಂದ 15 ಕಿ.ಮೀ. ಎತ್ತರಕ್ಕೆ ಹೋಗುತ್ತದೆ. ಪ್ರಯಾಣಿಕ ವಿಮಾನಗಳು ಹಾರುವುದು ಸಾಮಾನ್ಯವಾಗಿ 10–12 ಕಿ.ಮೀ. ಎತ್ತರದಲ್ಲಿ. ಆದ್ದರಿಂದ ಅದನ್ನು ಬಳಸಿಕೊಂಡೇ ಹೋಗಬೇಕು. ಉಗ್ರ ಮೋಡದಿಂದ ಕನಿಷ್ಠ 20 ನಾಟಿಕಲ್ ಮೈಲಿ, ಅಂದರೆ ಸುಮಾರು 37 ಕಿ.ಮೀ. ದೂರವಿರಬೇಕೆಂಬುದು ಅಂಗೀಕೃತ ಸಲಹೆ. ವಿಮಾನದ ಮೂತಿಯಲ್ಲಿರುವ ರಾಡಾರ್ ಮಳೆಹನಿಗಳನ್ನು ತೋರಿಸುತ್ತದೆ, ಆದರೆ ಒಣ ಆಲಿಕಲ್ಲು ಅದಕ್ಕೆ ಸರಿಯಾಗಿ ಕಾಣುವುದಿಲ್ಲ. 2025ರ ಮೇ 21ರಂದು ದೆಹಲಿಯಿಂದ ಶ್ರೀನಗರಕ್ಕೆ ಹೊರಟ ಇಂಡಿಗೋ ವಿಮಾನದ ಮೂತಿ ಆಲಿಕಲ್ಲಿನ ಹೊಡೆತಕ್ಕೆ ಜಖಂ ಆಯಿತು. ವಿಮಾನ ಸುರಕ್ಷಿತವಾಗಿ ಇಳಿಯಿತು.

ಅತಿ ಅಪಾಯಕಾರಿ ಘಟ್ಟವೆಂದರೆ ಇಳಿಯುವ ಹೊತ್ತು. ಮೇಲೆ ಹೇಳಿದ ಕುಸಿಗಾಳಿ 4 ಕಿ.ಮೀ.ಗಿಂತ ಕಿರಿದಾಗಿದ್ದರೆ ಅದು ‘ಮೈಕ್ರೋಬರ್ಸ್ಟ್’. ಅದನ್ನು ಹೊಕ್ಕ ವಿಮಾನಕ್ಕೆ ಮೊದಲು ಎದುರುಗಾಳಿ ಸಿಕ್ಕಿ ಮೇಲೆತ್ತಿದಂತಾಗುತ್ತದೆ, ನಂತರ ಗಾಳಿ ಕೆಳಕ್ಕೆ ಒತ್ತುತ್ತದೆ, ಕೊನೆಗೆ ಹಿಂಗಾಳಿ ಬೀಸಿ ರೆಕ್ಕೆಯ ಆಧಾರವೇ ತಗ್ಗುತ್ತದೆ. 1985ರ ಆಗಸ್ಟ್ 2ರಂದು ಅಮೆರಿಕದ ಡಲ್ಲಾಸ್–ಫೋರ್ಟ್ ವರ್ತ್‌ನಲ್ಲಿ ಡೆಲ್ಟಾ 191 ವಿಮಾನ ಹೀಗೆಯೇ ನೆಲಕ್ಕಪ್ಪಳಿಸಿ 137 ಮಂದಿ ಮೃತಪಟ್ಟರು. ವಿಮಾನಗಳಲ್ಲಿ ಇಂತಹ ಗಾಳಿಯ ಎಚ್ಚರಿಕೆ ನೀಡುವ ಉಪಕರಣ ಕಡ್ಡಾಯವಾಗಲು ಈ ದುರಂತ ಮುಖ್ಯ ಕಾರಣ.

ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ 2023ರ ಏಪ್ರಿಲ್ 4ರ ಸಂಜೆ ಮುಕ್ಕಾಲು ಗಂಟೆಯ ಮಳೆಗಾಳಿಯಿಂದ 14 ವಿಮಾನಗಳು ಬೇರೆಡೆಗೆ ತಿರುಗಿದವು. 12 ಚೆನ್ನೈಗೆ ಹೋದವು. ಇಂತಹ ದಿನಕ್ಕಾಗಿಯೇ ವಿಮಾನಗಳು ಪರ್ಯಾಯ ನಿಲ್ದಾಣ ತಲುಪುವಷ್ಟು ಹೆಚ್ಚುವರಿ ಇಂಧನ ಒಯ್ಯುತ್ತವೆ. ನಿಲ್ದಾಣದ ಮುನ್ಸೂಚನೆಯನ್ನು ‘ಟಾಫ್’ ಎಂದೂ, ಹಾರುವ ಮಾರ್ಗದ ಉಗ್ರ ಹವಾಮಾನದ ಎಚ್ಚರಿಕೆಯನ್ನು ‘ಸಿಗ್ಮೆಟ್’ ಎಂದೂ ಕರೆಯುತ್ತಾರೆ.

ಚಿತ್ರದುರ್ಗ ಜಿಲ್ಲೆಯಲ್ಲಿ ನಾಗರಿಕ ವಿಮಾನ ನಿಲ್ದಾಣವಿಲ್ಲ. ಆದರೆ ಹಿರಿಯೂರಿನ ನೆರೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ಡಿಆರ್‌ಡಿಒ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯ 2017ರ ಮೇ 28ರಂದು ಉದ್ಘಾಟನೆಯಾಯಿತು. ಇಸ್ರೋ ತನ್ನ ಮರುಬಳಕೆಯ ಉಡಾವಣಾ ವಾಹನವನ್ನು ಹೆಲಿಕಾಪ್ಟರಿನಿಂದ ಸುಮಾರು 4.5 ಕಿ.ಮೀ. ಎತ್ತರದಲ್ಲಿ ಬಿಟ್ಟು ತಾನಾಗಿ ಇಳಿಯುವಂತೆ ಮಾಡಿದ ಮೂರು ಪ್ರಯೋಗಗಳೂ (2023ರ ಏಪ್ರಿಲ್ 2, 2024ರ ಮಾರ್ಚ್ 22 ಮತ್ತು ಜೂನ್ 23) ಇಲ್ಲಿಯೇ, ಬೆಳಗ್ಗೆ 7ರಿಂದ 8ರ ಒಳಗೆ ನಡೆದವು. ಈ ಸೀಮೆಯಲ್ಲಿ ಬೇಸಿಗೆಯ ಗುಡುಗುಮೋಡಗಳು ಏಳುವ ಹೊತ್ತಿಗೆ ಅದು ಬಹಳ ಮುಂಚೆ. ಇಂಜಿನ್ ಇಲ್ಲದೆ ಇಳಿಯುವ ವಾಹನಕ್ಕೆ ಗಾಳಿ ಕೆಟ್ಟರೆ ಮತ್ತೆ ಮೇಲೇರುವ ಅವಕಾಶವಿರುವುದಿಲ್ಲ.

ನೆಲದ ಮೇಲೆ

ಫಲ ಹೊತ್ತ ಬಾಳೆಗಿಡ, ಅಡಿಕೆಮರಗಳು ಒಂದೇ ಗಾಳಿಗೆ ಮುರಿಯಬಹುದು. ದಾಳಿಂಬೆಗೆ ಆಲಿಕಲ್ಲು ಮಾರಕ. ವಿಮಾನ ಚಾಲಕನಿಗೆ ದಾರಿ ಬದಲಿಸುವ ಸೌಲಭ್ಯವಿದೆ, ಬಯಲಿನಲ್ಲಿ ಹಿಂಡು ಕಾಯುವ ಕುರಿಗಾಹಿಗೆ ಕಾಣುವ ಆಸರೆ ಒಂಟಿ ಮರ ಮಾತ್ರ, ಸಿಡಿಲು ಹೆಚ್ಚಾಗಿ ಬಡಿಯುವುದೂ ಅದಕ್ಕೇ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಮತ್ತು ಪುಣೆಯ ಉಷ್ಣವಲಯದ ಹವಾಮಾನ ಸಂಸ್ಥೆಯ ‘ದಾಮಿನಿ’ ಎಂಬ ಮೊಬೈಲ್ ಆ್ಯಪ್‌ಗಳು ಸಮೀಪದ ಸಿಡಿಲಿನ ಬಗ್ಗೆ ಎಚ್ಚರಿಸುತ್ತವೆ. ಗುಡುಗು ಕಿವಿಗೆ ಬಿತ್ತೆಂದರೆ ಸಿಡಿಲು ತಾಗುವಷ್ಟು ಹತ್ತಿರದಲ್ಲಿದೆ ಎಂದೇ ತಿಳಿದು ಕಟ್ಟಡದೊಳಗೆ ಹೋಗಬೇಕು; ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಬರಬಾರದು.