ಸ್ತ್ರೀ ಸಂಘಗಳೂ ಸಾಲದ ಸಂಕೋಲೆಯೂ

ಸಾಲವು ನಮ್ಮ ಹಳ್ಳಿಗಳ ಹಳೆಯ ವ್ಯಾಧಿ. ಬಿತ್ತನೆಗೆ, ಬಾಣಂತನಕ್ಕೆ, ಮಳೆಗಾಲದ ಕೂಳಿಗೆ ಸಾಹುಕಾರನ ಬಾಗಿಲು ಕಾಯುತ್ತಿದ್ದ ಬಡ ಸ್ತ್ರೀಗೆ ಬ್ಯಾಂಕಿನ ಬಾಗಿಲು ಬಹುಕಾಲ ಮುಚ್ಚಿಯೇ ಇದ್ದಿತು. ಒತ್ತೆಯಿಡಲು ಅವಳ ಹೆಸರಿನಲ್ಲಿ ಭೂಮಿ ಎಲ್ಲಿಯದು?

ಆ ಬಾಗಿಲನ್ನು ತೆರೆದ ಕೀರ್ತಿಯಲ್ಲಿ ಕರ್ನಾಟಕಕ್ಕೆ ದೊಡ್ಡ ಪಾಲುಂಟು. 1980ರ ದಶಕದ ಮಧ್ಯದಲ್ಲಿ ಮೈರಾಡಾ ಸಂಸ್ಥೆಯು ಸ್ಥಾಪಿಸಿದ್ದ ಕೆಲವು ದೊಡ್ಡ ಸಹಕಾರ ಸಂಘಗಳು, ಮುಖಂಡರಲ್ಲಿ ವಿಶ್ವಾಸ ತಪ್ಪಿ ಒಡೆದುವು. ಸದಸ್ಯರು ಪರಸ್ಪರ ನಂಬುಗೆಯುಳ್ಳ ಸಣ್ಣ ಗುಂಪುಗಳಾಗಿ ಕೂಡಿಕೊಂಡರು. ಇಂತಹ ಅನುಭವದ ಆಧಾರದ ಮೇಲೆ 1992ರಲ್ಲಿ ನಬಾರ್ಡ್ ಸಂಸ್ಥೆಯು 500 ಗುಂಪುಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಪ್ರಯೋಗವನ್ನು ಕೈಕೊಂಡಿತು. 2000-01ರಲ್ಲಿ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆಯು ಬಂದಿತು.

ಇದರ ಮರ್ಮವು ಸರಳವಾದುದು. ಹತ್ತರಿಂದ ಇಪ್ಪತ್ತು ಮಂದಿ ಸ್ತ್ರೀಯರು ವಾರವಾರವೂ ಅಲ್ಪ ಹಣವನ್ನು ಕೂಡಿಡುವರು. ಯಾರಿಗೆಷ್ಟು ಸಾಲ, ಬಡ್ಡಿಯೆಷ್ಟು ಎಂಬುದನ್ನು ತಾವೇ ನಿರ್ಣಯಿಸುವರು. ಲೆಕ್ಕವನ್ನು ಎಲ್ಲರೆದುರು ಓದುವರು. ತಮ್ಮೊಳಗೆ ಕೊಟ್ಟ ಸಾಲದ ಬಡ್ಡಿಯು ಮರಳಿ ಸಂಘದ ನಿಧಿಗೇ ಸೇರುವುದು.

ಕಿರುಸಾಲದ ಕಂಪನಿಗಳೂ ಸ್ತ್ರೀಯರನ್ನು ಗುಂಪುಗೂಡಿಸುತ್ತಿವೆ. ಆದರೆ ಅಲ್ಲಿ ಒಬ್ಬಳ ಬಾಕಿಗೆ ಉಳಿದವರು ಹೊಣೆ, ಬಡ್ಡಿಯು ಊರಾಚೆಗೆ. ಸಾಲ ವಸೂಲಿಯ ಪೀಡೆಯು ಮಿತಿಮೀರಿ, 2025ರಲ್ಲಿ ರಾಜ್ಯ ಸರ್ಕಾರವು ಸುಗ್ರೀವಾಜ್ಞೆಯನ್ನು ಹೊರಡಿಸಿ, ಬಳಿಕ ಕಾನೂನನ್ನೇ ಮಾಡಬೇಕಾಯಿತು.

ಹೆಸರು ಗುಂಪೆಂದಿದ್ದ ಮಾತ್ರಕ್ಕೆ ಸ್ವಾವಲಂಬನವು ಬಾರದು. ಅಧಿಕಾರಿಗಳು ಹಂಚಿದ ಸಾಲದ ಮೊತ್ತವನ್ನು ಎಣಿಸುವ ಮುನ್ನ ಸಂಘದ ಪುಸ್ತಕವನ್ನು ಬರೆಯುವವರು ಯಾರೆಂದು ವಿಚಾರಿಸಲಿ. ಗ್ರಾಮದ ವಿದ್ಯಾವಂತರು ಆ ತಾಯಂದಿರಿಗೆ ಲೆಕ್ಕ ಬರೆಯುವುದನ್ನು ಕಲಿಸಲಿ. ಲೆಕ್ಕವು ಅವರ ಕೈಯಲ್ಲಿದ್ದರೆ ಹಣವೂ ಅವರ ಕೈಯಲ್ಲಿ ನಿಂತೀತು.